ಡೋಡೊ ಹೋಯಿತು, ಉಳಿದವುಗಳ ಗತಿಯೇನು? ಮಾರಿಷಸ್ ದ್ವೀಪದ ಅಪರೂಪದ ಜೀವಿಗಳು

ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರ್‌ನ ಪೂರ್ವಕ್ಕೆ ಇರುವ ಪುಟ್ಟ ದ್ವೀಪ ಮಾರಿಷಸ್. ಮುಖ್ಯ ದ್ವೀಪದ ವಿಸ್ತೀರ್ಣ ಸುಮಾರು 1,865 ಚದರ ಕಿಲೋಮೀಟರ್. ಅಂದರೆ ನಮ್ಮ ಕೊಡಗು ಜಿಲ್ಲೆಯ ಅರ್ಧದಷ್ಟೂ ಇಲ್ಲ. 1834ರಿಂದ ಕಬ್ಬಿನ ತೋಟಗಳಲ್ಲಿ ದುಡಿಯಲು ಭಾರತದಿಂದ ಲಕ್ಷಾಂತರ ಜನ ಅಲ್ಲಿಗೆ ಹೋದರು. ಇಂದು ಆ ದೇಶದ ಬಹುಸಂಖ್ಯಾತರು ಭಾರತೀಯ ಮೂಲದವರು. ಆದರೆ ಮನುಷ್ಯರು ಕಾಲಿಡುವ ಮೊದಲೇ ಲಕ್ಷಾಂತರ ವರ್ಷಗಳಿಂದ ಅಲ್ಲಿ ನೆಲೆಸಿದ್ದ ಗಿಡ, ಮರ, ಹಕ್ಕಿ, ಹಲ್ಲಿ, ಆಮೆಗಳ ಕಥೆ ಬೇರೆಯೇ ಇದೆ. ಅವುಗಳಲ್ಲಿ ಅನೇಕವು ಜಗತ್ತಿನ ಬೇರೆಲ್ಲೂ ಇರಲಿಲ್ಲ. ಅಲ್ಲಿ ಅಳಿದರೆ ಭೂಮಿಯ ಮೇಲೆಯೇ ಅಳಿದಂತೆ.

ಬೇರೆಲ್ಲೂ ಇಲ್ಲದ ಜೀವಿಗಳು ಅಲ್ಲೇ ಏಕೆ?

ಮಾರಿಷಸ್ ಸಮುದ್ರದ ತಳದಿಂದ ಜ್ವಾಲಾಮುಖಿಯಾಗಿ ಎದ್ದ ನೆಲ. ಅದು ಯಾವ ಖಂಡಕ್ಕೂ ಅಂಟಿಕೊಂಡಿರಲಿಲ್ಲ. ಹಾರಿ ಬಂದ ಹಕ್ಕಿ, ಗಾಳಿಯಲ್ಲಿ ತೇಲಿ ಬಂದ ಬೀಜ, ಮರದ ದಿಮ್ಮಿಯ ಮೇಲೆ ಕುಳಿತು ಬಂದ ಹಲ್ಲಿ, ಅಲೆಗಳಲ್ಲಿ ತೇಲಿ ಬಂದ ಆಮೆ, ಹೀಗೆ ಕೆಲವೇ ಜೀವಿಗಳು ಅಲ್ಲಿಗೆ ತಲುಪಿದವು. ನೆಲದ ಮೇಲೆ ಓಡಾಡುವ ಸಸ್ತನಿ ಒಂದೂ ತಲುಪಲಿಲ್ಲ. ಬಂದದ್ದು ಹಾರಬಲ್ಲ ಬಾವಲಿ ಮಾತ್ರ. ಹುಲಿಯಿಲ್ಲ, ನರಿಯಿಲ್ಲ, ಇಲಿಯೂ ಇಲ್ಲ. ಓಡಿ ತಪ್ಪಿಸಿಕೊಳ್ಳುವ ಅಗತ್ಯವೇ ಇಲ್ಲದ ಕಡೆ ಜೀವಿಗಳು ತಮ್ಮದೇ ದಾರಿ ಹಿಡಿದವು. ಪಾರಿವಾಳದ ಕುಲದ ಒಂದು ಹಕ್ಕಿ ಹಾರುವುದನ್ನೇ ಬಿಟ್ಟು ದಪ್ಪನಾಗಿ ಬೆಳೆಯಿತು. ಅದೇ ಡೋಡೊ. ಇಂದು ಬದುಕಿರುವ ಹಕ್ಕಿಗಳಲ್ಲಿ ಅದಕ್ಕೆ ಅತಿ ಹತ್ತಿರದ ನೆಂಟ ನಮ್ಮ ನಿಕೋಬಾರ್ ದ್ವೀಪಗಳ ಹೆಸರು ಹೊತ್ತ ನಿಕೋಬಾರ್ ಪಾರಿವಾಳ ಎಂಬುದು ವಂಶವಾಹಿ ಪರೀಕ್ಷೆಯಿಂದ ತಿಳಿದಿದೆ.

ಅರವತ್ತನಾಲ್ಕು ವರ್ಷಗಳಲ್ಲಿ ಮುಗಿದ ಕಥೆ

1598ರಲ್ಲಿ ಡಚ್ಚರ ಹಡಗುಗಳು ಈ ದ್ವೀಪಕ್ಕೆ ಬಂದವು. ಡೋಡೊವನ್ನು ಕೊನೆಯದಾಗಿ ಕಂಡ ಬಗ್ಗೆ ಹೆಚ್ಚಿನ ವಿದ್ವಾಂಸರು ಒಪ್ಪುವ ದಾಖಲೆ 1662ರದು. ನಡುವಿನ ಅಂತರ ಕೇವಲ 64 ವರ್ಷ. ನಾವಿಕರು ಹಕ್ಕಿಗಳನ್ನು ಕೊಂದದ್ದು ನಿಜ. ಆದರೆ ಅದಕ್ಕಿಂತ ದೊಡ್ಡ ಏಟು ಬಿದ್ದದ್ದು ಹಡಗಿನಿಂದ ಇಳಿದ ಇಲಿ, ಹಂದಿ ಮತ್ತು ಕೋತಿಗಳಿಂದ. ಡೋಡೊ ನೆಲದ ಮೇಲೆ ಗೂಡು ಕಟ್ಟುತ್ತಿತ್ತು. ಅದರ ಮೊಟ್ಟೆ, ಮರಿಗಳಿಗೆ ರಕ್ಷಣೆ ಇರಲಿಲ್ಲ.

ಈ ಹಕ್ಕಿಗೆ ಭಾರತದೊಂದಿಗೂ ಒಂದು ನಂಟಿದೆ. ಜೀವಂತ ಡೋಡೊಗಳನ್ನು ನಮ್ಮ ದೇಶಕ್ಕೂ ತರಲಾಗಿತ್ತು. ಸುಮಾರು 1625ರಲ್ಲಿ ಜಹಾಂಗೀರನ ಆಸ್ಥಾನದಲ್ಲಿ ಬರೆದ ಒಂದು ಚಿತ್ರದಲ್ಲಿ ಇತರ ಹಕ್ಕಿಗಳ ನಡುವೆ ಡೋಡೊ ನಿಂತಿದೆ. ಅದನ್ನು ಉಸ್ತಾದ್ ಮನ್ಸೂರನ ಕೈಚಳಕವೆಂದು ಹೇಳುತ್ತಾರೆ. ಡೋಡೊವಿನ ನಿಜರೂಪಕ್ಕೆ ಅತಿ ಹತ್ತಿರವಾದ ಚಿತ್ರಗಳಲ್ಲಿ ಇದೂ ಒಂದೆಂದು ಪಕ್ಷಿತಜ್ಞರು ಭಾವಿಸುತ್ತಾರೆ.

ಡೋಡೊ ಒಂದೇ ಹೋಗಲಿಲ್ಲ. ದ್ವೀಪದಲ್ಲಿದ್ದ ಎರಡು ಜಾತಿಯ ದೈತ್ಯ ಆಮೆಗಳು, ಅಗಲ ಕೊಕ್ಕಿನ ದೊಡ್ಡ ಗಿಳಿ, ಹಾರಲಾರದ ಒಂದು ಕೆಂಪು ಹುಂಡುಕೋಳಿ, ಹೀಗೆ ಒಂದರ ಹಿಂದೆ ಒಂದು ಮಾಯವಾದವು.

ಕಾಡು ಕರಗಿದ ಬಗೆ

ಡಚ್ಚರ ಕಣ್ಣು ಮೊದಲು ಬಿದ್ದದ್ದು ಎಬೊನಿ ಮರದ ಮೇಲೆ. ಬೀಡಿ ಎಲೆ ಕೊಡುವ ನಮ್ಮ ಕಾಡುಮರದ ಕುಲಕ್ಕೆ ಸೇರಿದ ಈ ಮರದ ತಿರುಳು ಅಪ್ಪಟ ಕಪ್ಪು. ಯುರೋಪಿನಲ್ಲಿ ಅದಕ್ಕೆ ಭಾರಿ ಬೆಲೆ. ಡಚ್ಚರ ನಂತರ ಬಂದ ಫ್ರೆಂಚರು, 1810ರಲ್ಲಿ ಬಂದ ಬ್ರಿಟಿಷರು ಕಾಡನ್ನು ಕಡಿದು ಕಬ್ಬು ಬೆಳೆಸಿದರು. ಇಂದು ಗುಣಮಟ್ಟ ಉಳಿಸಿಕೊಂಡ ಮೂಲ ಕಾಡು ದ್ವೀಪದ ನೆಲದಲ್ಲಿ ಶೇಕಡಾ 2ಕ್ಕಿಂತಲೂ ಕಡಿಮೆ.

ಉಳಿದ ಕಾಡಿಗೂ ನೆಮ್ಮದಿಯಿಲ್ಲ. ದಕ್ಷಿಣ ಅಮೆರಿಕದಿಂದ ಬಂದ, ಅಲ್ಲಿಯವರು ಚೀನೀ ಸೀಬೆ ಎನ್ನುವ ಸಣ್ಣ ಕೆಂಪು ಹಣ್ಣಿನ ಗಿಡ ಕಾಡಿನ ನೆಲವನ್ನೆಲ್ಲ ದಟ್ಟವಾಗಿ ಮುಚ್ಚಿ ಸ್ಥಳೀಯ ಸಸಿಗಳಿಗೆ ಬೆಳಕು ಸಿಗದಂತೆ ಮಾಡಿದೆ. ಕೋತಿಗಳು ಮತ್ತು ಹಂದಿಗಳು ಅದರ ಹಣ್ಣು ತಿಂದು ಬೀಜ ಹರಡುತ್ತವೆ. ನಮ್ಮಲ್ಲಿ ಲಂಟಾನ ಮಾಡಿದ ಕೆಲಸವನ್ನು ಅಲ್ಲಿ ಇದು ಮಾಡಿದೆ. ಲಂಟಾನವೂ ಅಲ್ಲಿದೆ.

ಮಾರಿಷಸ್‌ನ ಸ್ಥಳೀಯ ಹೂಬಿಡುವ ಸಸ್ಯಗಳು ಸುಮಾರು 690 ಜಾತಿ. ಅವುಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಆ ದ್ವೀಪಕ್ಕಷ್ಟೇ ಸೀಮಿತ. ಅವುಗಳ ಪೈಕಿ ಬಹುಪಾಲು ಈಗ ಅಪಾಯದಲ್ಲಿವೆ.

ಒಂಟಿ ತಾಳೆ

ಈ ಅಪಾಯ ಎಷ್ಟರಮಟ್ಟಿನದು ಎಂದು ತಿಳಿಯಲು ಕ್ಯೂರ್‌ಪಿಪ್ ಪಟ್ಟಣದ ಸಸ್ಯೋದ್ಯಾನದ ಒಂದು ತಾಳೆ ಮರವನ್ನು ನೋಡಿದರೆ ಸಾಕು. ಅದರ ಜಾತಿಯಲ್ಲಿ ಜಗತ್ತಿನಲ್ಲಿ ಉಳಿದಿರುವುದು ಅದೊಂದೇ. ಅದರ ಗಂಡು ಹೂಗಳು ಮತ್ತು ಹೆಣ್ಣು ಹೂಗಳು ಬೇರೆ ಬೇರೆ ಸಮಯದಲ್ಲಿ ಅರಳುತ್ತವೆ. ಜೊತೆಗೆ ಇನ್ನೊಂದು ಮರವಿದ್ದರೆ ಒಂದರ ಪರಾಗ ಇನ್ನೊಂದಕ್ಕೆ ಒದಗುತ್ತಿತ್ತು. ಒಂಟಿಯಾದ್ದರಿಂದ ಹೂ ಬಿಟ್ಟರೂ ವಂಶ ಬೆಳೆಯುತ್ತಿಲ್ಲ. ಪ್ರಯೋಗಾಲಯದಲ್ಲಿ ಸಸಿ ಮಾಡುವ ಯತ್ನಗಳು ನಡೆದಿವೆ. ಆದರೆ ಸಸಿಯನ್ನು ಮಣ್ಣಿಗಿಳಿಸಿ ಉಳಿಸಿಕೊಳ್ಳುವುದು ಸುಲಭವಾಗಿಲ್ಲ.

ಇದೇ ಕುಲದ ಮತ್ತೊಂದು ಮರದ ಅದೃಷ್ಟ ಬೇರೆ. ಬುಡ ಉಬ್ಬಿ ಬಾಟಲಿಯಂತೆ ಕಾಣುವ ಬಾಟಲ್ ಪಾಮ್ ಕರ್ನಾಟಕದ ನರ್ಸರಿಗಳಲ್ಲೂ ಸಿಗುತ್ತದೆ, ಮನೆಗಳ ಮುಂದೆಯೂ ಬೆಳೆಯುತ್ತದೆ. ಎತ್ತರದ ರಾಯಲ್ ಪಾಮ್ ಮರವನ್ನೂ ಕೆಲವರು ಇದೇ ಹೆಸರಿನಿಂದ ಕರೆಯುವುದುಂಟು, ಅದು ಬೇರೆ. ನಿಜವಾದ ಬಾಟಲ್ ಪಾಮ್‌ನ ಮೂಲ ನೆಲೆ ಮಾರಿಷಸ್‌ನ ಉತ್ತರಕ್ಕಿರುವ ರೌಂಡ್ ಐಲೆಂಡ್ ಎಂಬ ನಡುಗಡ್ಡೆ. ಲೋಕದ ತೋಟಗಳಲ್ಲೆಲ್ಲ ಬೆಳೆಯುವ ಈ ಮರ ತನ್ನ ಹುಟ್ಟೂರಿನಲ್ಲಿ ಬೆರಳೆಣಿಕೆಗೆ ಇಳಿದಿತ್ತು.

ಒಂದು ಜೀವಿ ಹೋದರೆ ಇನ್ನೊಂದಕ್ಕೆ ಏಟು

ಕಾಡಿನಲ್ಲಿ ಜೀವಿಗಳು ಪರಸ್ಪರ ನೆರವಿನಿಂದ ಬದುಕುತ್ತವೆ. ಮಾರಿಷಸ್‌ನಲ್ಲಿ ಈ ನಂಟುಗಳು ಸ್ಪಷ್ಟವಾಗಿ ಕಾಣುತ್ತವೆ. ಅಲ್ಲಿನ ಟ್ರೊಶೇಶಿಯಾ ಎಂಬ ಗಿಡಗಳ ಕೆಲವು ಜಾತಿಗಳಲ್ಲಿ ಮಕರಂದಕ್ಕೆ ಬಣ್ಣವಿದೆ. ಹಗಲಿನಲ್ಲಿ ಓಡಾಡುವ ಹಸಿರು ಹಲ್ಲಿಗಳು ಆ ಬಣ್ಣಕ್ಕೆ ಮನಸೋತು ಬಂದು ಪರಾಗ ಸಾಗಿಸುತ್ತವೆ. ದೇಶದ ರಾಷ್ಟ್ರೀಯ ಪುಷ್ಪವೂ ಇದೇ ಕುಲದ್ದು. ಅಲ್ಲಿಯ ಭಾಷೆಯಲ್ಲಿ ಅದರ ಹೆಸರಿಗೆ ಕಿವಿಯೋಲೆ ಎಂದರ್ಥ.

ಇಂಥ ನಂಟುಗಳ ಬಗ್ಗೆ ಉತ್ಪ್ರೇಕ್ಷೆಯೂ ಹಬ್ಬಿದೆ. ಟಂಬಲಕೋಕ್ ಎಂಬ ಮರದ ಗಟ್ಟಿ ಬೀಜ ಡೋಡೊವಿನ ಹೊಟ್ಟೆಯ ಮೂಲಕ ಹಾದುಹೋದರೆ ಮಾತ್ರ ಮೊಳೆಯುತ್ತದೆ, ಡೋಡೊ ಅಳಿದ ಮೇಲೆ ಒಂದು ಸಸಿಯೂ ಹುಟ್ಟಿಲ್ಲ ಎಂದು 1977ರಲ್ಲಿ ವಿಜ್ಞಾನಿ ಸ್ಟ್ಯಾನ್ಲಿ ಟೆಂಪಲ್ ವಾದಿಸಿದರು. ಈ ಕಥೆ ಅನೇಕ ಪುಸ್ತಕಗಳನ್ನು ಸೇರಿತು. ಆದರೆ ಡೋಡೊ ಅಳಿದ ಎಷ್ಟೋ ಕಾಲದ ನಂತರ ಹುಟ್ಟಿದ ಮರಗಳು ಕಾಡಿನಲ್ಲಿವೆ, ಹಕ್ಕಿಯ ನೆರವಿಲ್ಲದೆಯೂ ಬೀಜ ಮೊಳೆಯುತ್ತದೆ ಎಂಬುದು ನಂತರ ಖಚಿತವಾಯಿತು.

ನಿಜವಾಗಿ ಫಲ ಕೊಟ್ಟ ಪ್ರಯೋಗವೊಂದು ಆಗ್ನೇಯ ತೀರದ ಈಲ್ ಓ ಜೆಗ್ರೆಟ್ ಎಂಬ ನಡುಗಡ್ಡೆಯಲ್ಲಿ ನಡೆಯಿತು. ಕೇವಲ 26 ಹೆಕ್ಟೇರ್‌ನ ಈ ಹವಳದ ನೆಲದಲ್ಲಿ ಎಬೊನಿಯ ಒಂದು ಅಪರೂಪದ ಜಾತಿ ಉಳಿದಿದೆ. ಅದರ ದೊಡ್ಡ ಹಣ್ಣುಗಳನ್ನು ತಿಂದು ಬೀಜ ಹರಡುತ್ತಿದ್ದ ದೈತ್ಯ ಆಮೆಗಳು ಇಲ್ಲವಾದ್ದರಿಂದ ಹಣ್ಣು ಮರದ ಬುಡದಲ್ಲೇ ಕೊಳೆಯುತ್ತಿತ್ತು. 2000ದಲ್ಲಿ ಸೇಶೆಲ್ಸ್ ದೇಶದ ಅಲ್ಡಾಬ್ರಾ ಮೂಲದ ದೈತ್ಯ ಆಮೆಗಳನ್ನು ಅಲ್ಲಿಗೆ ತಂದರು. ಅವು ಹಣ್ಣು ತಿಂದು ಬೀಜವನ್ನು ದೂರ ದೂರ ಹರಡಿದವು. ಆಮೆಯ ಹೊಟ್ಟೆಯಿಂದ ಬಂದ ಬೀಜ ಹೆಚ್ಚು ಚೆನ್ನಾಗಿ ಮೊಳೆಯಿತು.

ನಾಲ್ಕರಿಂದ ನೂರಾರಿಗೆ

ಮಾರಿಷಸ್ ಕೆಸ್ಟ್ರೆಲ್ ಎಂಬ ಸಣ್ಣ ಚಾಣ ಹಕ್ಕಿ 1974ರಲ್ಲಿ ಇಡೀ ಕಾಡಿನಲ್ಲಿ ನಾಲ್ಕೇ ನಾಲ್ಕು ಉಳಿದಿತ್ತು. ಕಾಡು ನಾಶದ ಜೊತೆಗೆ, ಮಲೇರಿಯಾ ತಡೆಯಲು ಸಿಂಪಡಿಸಿದ ಡಿಡಿಟಿ ಅದನ್ನು ಈ ಸ್ಥಿತಿಗೆ ತಂದಿತ್ತು. ಅದರ ಕಥೆ ಮುಗಿಯಿತೆಂದು ಹೇಳಿದವರೇ ಹೆಚ್ಚು. 1979ರಲ್ಲಿ ಬಂದ ಜೀವಶಾಸ್ತ್ರಜ್ಞ ಕಾರ್ಲ್ ಜೋನ್ಸ್ ಕೈಬಿಡಲಿಲ್ಲ. ಹಕ್ಕಿ ಇಟ್ಟ ಮೊದಲ ಮೊಟ್ಟೆಗಳನ್ನು ತೆಗೆದು ಕೃತಕ ಕಾವಿನಲ್ಲಿ ಮರಿ ಮಾಡಿಸಿದರು. ಗೂಡು ಬರಿದಾದ ಹಕ್ಕಿ ಮತ್ತೆ ಮೊಟ್ಟೆಯಿಟ್ಟಿತು. ಹೀಗೆ ಒಂದೇ ಋತುವಿನಲ್ಲಿ ಎರಡು ಪಟ್ಟು ಮರಿಗಳಾದವು. ಕ್ರಮೇಣ ಸಂಖ್ಯೆ ನೂರಾರಿಗೆ ಏರಿತು. ಆದರೆ ಮತ್ತೆ ಕುಸಿತ ಕಂಡದ್ದರಿಂದ 2014ರಲ್ಲಿ ಅದನ್ನು ಪುನಃ ಹೆಚ್ಚಿನ ಅಪಾಯದ ಪಟ್ಟಿಗೆ ಸೇರಿಸಲಾಯಿತು.

ಗುಲಾಬಿ ಪಾರಿವಾಳ 1990ರ ಸುಮಾರಿಗೆ ಕಾಡಿನಲ್ಲಿ ಹತ್ತರಷ್ಟು ಮಾತ್ರ ಇತ್ತು. ಸಾಕಿ ಬೆಳೆಸಿ ಬಿಟ್ಟದ್ದು, ಆಹಾರ ಒದಗಿಸಿದ್ದು, ಗೂಡುಗಳನ್ನು ಕಾದದ್ದು ಫಲ ನೀಡಿ ಇಂದು ಸುಮಾರು 500ಕ್ಕೆ ತಲುಪಿದೆ. ಹಸಿರು ಎಕೋ ಗಿಳಿಯದೂ ಇಂಥದೇ ಕಥೆ. ನಮ್ಮ ಊರುಗಳಲ್ಲಿ ಕಾಣುವ ಕೊರಳಪಟ್ಟಿಯ ಗಿಳಿಯ ಹತ್ತಿರದ ಬಂಧು ಇದು. ವಿಚಿತ್ರವೆಂದರೆ, ಪಂಜರದ ಹಕ್ಕಿಯಾಗಿ ಅಲ್ಲಿಗೆ ಹೋಗಿ ತಪ್ಪಿಸಿಕೊಂಡ ಆ ನೆಂಟನೇ ಈಗ ಮರದ ಪೊಟರೆಗಾಗಿ ಎಕೋ ಗಿಳಿಯೊಂದಿಗೆ ಪೈಪೋಟಿಗೆ ನಿಂತಿದೆ.

ಬಾವಲಿಯ ಪ್ರಶ್ನೆ

ಎಲ್ಲ ಕಥೆಯೂ ಹೀಗೆ ಗೆಲುವಿನದಲ್ಲ. ಹಣ್ಣು ತಿನ್ನುವ ಮಾರಿಷಸ್ ಬಾವಲಿ ಕಾಡಿನ ಮರಗಳ ಬೀಜವನ್ನು ದೂರಕ್ಕೆ ಒಯ್ಯಬಲ್ಲ ಕೊನೆಯ ದೊಡ್ಡ ಸ್ಥಳೀಯ ಜೀವಿ. ಅದರ ಚಿಕ್ಕ ನೆಂಟ 19ನೇ ಶತಮಾನದಲ್ಲೇ ಅಳಿದುಹೋಯಿತು. ಕಾಡು ಕಡಿಮೆಯಾದಂತೆ ಬಾವಲಿ ಮನೆಯಂಗಳದ ಲಿಚಿ, ಮಾವಿನ ಮರಗಳಿಗೆ ಬರುತ್ತದೆ. ಬೆಳೆಗಾರರ ನಷ್ಟವೂ ಸುಳ್ಳಲ್ಲ. ಅವರ ಒತ್ತಾಯದ ಮೇರೆಗೆ 2015ರಲ್ಲಿ ಸರ್ಕಾರವೇ ಸುಮಾರು 30 ಸಾವಿರ ಬಾವಲಿಗಳನ್ನು ಕೊಲ್ಲಿಸಿತು. 2016 ಮತ್ತು 2018ರಲ್ಲೂ ಇದು ಮುಂದುವರಿಯಿತು. ವರ್ಷಕ್ಕೆ ಒಂದೇ ಮರಿ ಹಾಕುವ ಜೀವಿ ಇಷ್ಟು ಸಾವನ್ನು ತುಂಬಿಕೊಳ್ಳುವುದು ಕಷ್ಟ. 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿತು.

ಕೊಂದದ್ದರಿಂದ ಹಣ್ಣಿನ ಇಳುವರಿ ಹೆಚ್ಚಲಿಲ್ಲ ಎಂದು ಅಲ್ಲಿನ ವಿಜ್ಞಾನಿಗಳೇ ತೋರಿಸಿಕೊಟ್ಟರು. ಗಾಳಿಗೆ ಉದುರುವುದು, ಹಕ್ಕಿಗಳು ತಿನ್ನುವುದು, ಕೊಯ್ಯದೆ ಅತಿಯಾಗಿ ಮಾಗುವುದು ಕೂಡ ನಷ್ಟಕ್ಕೆ ಕಾರಣ. ಮರಗಳನ್ನು ಚಿಕ್ಕದಾಗಿ ಸವರಿ ಬಲೆ ಹೊದಿಸಿದರೆ ಹಣ್ಣೂ ಉಳಿಯುತ್ತದೆ, ಬಾವಲಿಯೂ ಉಳಿಯುತ್ತದೆ. ಬಲೆಗೆ ಸರ್ಕಾರ ಸಹಾಯಧನವನ್ನೂ ನೀಡುತ್ತದೆ.

ಸಂರಕ್ಷಣೆಯಲ್ಲೂ ಕಠಿಣ ಆಯ್ಕೆ

ಒಂದು ವಿಷಯವನ್ನು ಮರೆಮಾಚುವಂತಿಲ್ಲ. ಅಪರೂಪದ ಜೀವಿಗಳನ್ನು ಉಳಿಸುವ ಕೆಲಸದಲ್ಲಿ ಹೊರಗಿನಿಂದ ಬಂದ ಪ್ರಾಣಿಗಳನ್ನು ನಿವಾರಿಸಬೇಕಾಗಿ ಬಂದಿದೆ. ರೌಂಡ್ ಐಲೆಂಡ್‌ನಲ್ಲಿ ಮೇಕೆ ಮತ್ತು ಮೊಲಗಳು ಗಿಡವನ್ನೆಲ್ಲ ಮೇಯ್ದು ಮಣ್ಣು ಸಮುದ್ರ ಸೇರುತ್ತಿತ್ತು. ಬಿಲ ತೋಡಿ ಬದುಕುತ್ತಿದ್ದ ಒಂದು ಬೋವಾ ಹಾವು 1975ರ ನಂತರ ಕಂಡೇ ಇಲ್ಲ. 1979ರಲ್ಲಿ ಮೇಕೆಗಳು, 1986ರಲ್ಲಿ ಮೊಲಗಳು ಅಲ್ಲಿ ಇಲ್ಲವಾದವು. ತಾಳೆ ಸಸಿಗಳು ಮತ್ತೆ ಎದ್ದವು, ಹಾವುರಾಣಿಗಳು ಮತ್ತು ಉಳಿದ ಇನ್ನೊಂದು ಬೋವಾ ಹೆಚ್ಚಿದವು. ಆದರೆ ಮೇಕೆ, ಮೊಲ ತಾವಾಗಿ ಅಲ್ಲಿಗೆ ಬಂದವಲ್ಲ. ಇಲಿ ಹಿಡಿಯಲೆಂದು ಭಾರತ ಮೂಲದ ಮುಂಗುಸಿಯನ್ನು ಮಾರಿಷಸ್‌ಗೆ ಒಯ್ದವರೂ ಮನುಷ್ಯರೇ. ಅದು ಇಲಿಯ ಜೊತೆ ಹಕ್ಕಿಗಳನ್ನೂ ಹಿಡಿಯಿತು. ತಪ್ಪು ಮನುಷ್ಯರದು, ಬೆಲೆ ತೆತ್ತದ್ದು ಎರಡೂ ಕಡೆಯ ಪ್ರಾಣಿಗಳು.

ಆದ್ದರಿಂದಲೇ ಈಗ ಬಾಗಿಲಲ್ಲೇ ಎಚ್ಚರಿಕೆ. ರೌಂಡ್ ಐಲೆಂಡ್‌ಗೆ ಹೋಗುವವರ ಚೀಲ, ಪಾದರಕ್ಷೆ, ಆಹಾರದ ಡಬ್ಬಿಗಳಲ್ಲಿ ಬೀಜ, ಇರುವೆ, ಇಲಿ ಇಲ್ಲವೆಂದು ಪರೀಕ್ಷಿಸುತ್ತಾರೆ. ಬರದಂತೆ ನೋಡಿಕೊಂಡರೆ ಮುಂದೆ ಯಾವ ಪ್ರಾಣಿಯನ್ನೂ ಕೊಲ್ಲುವ ಪ್ರಸಂಗ ಬರುವುದಿಲ್ಲ.

ಹೊಸ ಅಪಾಯ

ಎಷ್ಟು ಎಚ್ಚರವಿದ್ದರೂ ಅಪಾಯ ದೂರದಿಂದ ಬರಬಹುದು. 2020ರ ಜುಲೈ 25ರಂದು ವಕಾಶಿಯೊ ಎಂಬ ಹಡಗು ಆಗ್ನೇಯ ತೀರದ ಹವಳದ ದಿಬ್ಬಕ್ಕೆ ಸಿಕ್ಕಿಕೊಂಡಿತು. ಆಗಸ್ಟ್ 6ರಿಂದ ಸುಮಾರು ಸಾವಿರ ಟನ್ ಎಣ್ಣೆ ಸಮುದ್ರಕ್ಕೆ ಸೋರಿತು. ಸನಿಹದಲ್ಲೇ ಆಮೆಗಳ ಈಲ್ ಓ ಜೆಗ್ರೆಟ್ ಇತ್ತು. ಮಾರಿಷಿಯನ್ ವೈಲ್ಡ್‌ಲೈಫ್ ಫೌಂಡೇಶನ್‌ನ ಕಾರ್ಯಕರ್ತರು ಅಪರೂಪದ ಸಸಿಗಳನ್ನೂ ಕೆಲವು ಹಕ್ಕಿಗಳನ್ನೂ ಅಲ್ಲಿಂದ ಸಾಗಿಸಿದರು. ಆ ಭಾಗದ ನಡುಗಡ್ಡೆಗಳ ಕೆಲವು ಹಲ್ಲಿ, ಹಾವುರಾಣಿಗಳನ್ನು ಜೆರ್ಸಿ ದ್ವೀಪದ ಮೃಗಾಲಯಕ್ಕೆ ಕಳುಹಿಸಿದರು. ಎಣ್ಣೆಯನ್ನು ತಡೆಯಲು ಊರಿನ ಜನ ಕಬ್ಬಿನ ಒಣ ಸೋಗೆಯನ್ನು ಬಟ್ಟೆಯಲ್ಲಿ ತುಂಬಿ, ಹೊಲಿದು, ಉದ್ದನೆಯ ತೇಲುವ ತಡೆಗಳನ್ನು ರಾತ್ರಿ ಹಗಲೆನ್ನದೆ ತಯಾರಿಸಿದರು. ಕಾಡನ್ನು ತಿಂದ ಕಬ್ಬು ಆ ದಿನಗಳಲ್ಲಿ ತೀರವನ್ನು ಕಾಯಲು ನೆರವಾಯಿತು.

ಡೋಡೊ ಅಳಿಯುವಾಗ ಅದು ಅಳಿಯುತ್ತಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ಒಂದು ಜೀವಿಯ ಕುಲವೇ ಭೂಮಿಯಿಂದ ಹೋಗಬಹುದೆಂಬ ಕಲ್ಪನೆಯೂ ಆ ಕಾಲದಲ್ಲಿ ಇರಲಿಲ್ಲ. ಇಂದು ಹಾಗಲ್ಲ. ಯಾವ ಗಿಡ ಎಷ್ಟಿದೆ, ಯಾವ ಹಕ್ಕಿ ಎಲ್ಲಿದೆ ಎಂಬ ಲೆಕ್ಕ ಇದೆ. ಉಳಿಸುವ ದಾರಿಯೂ ಗೊತ್ತಿದೆ. ನಾಲ್ಕು ಹಕ್ಕಿಗಳಿಂದ ನೂರಾರು ಆದದ್ದೂ ಕಣ್ಣ ಮುಂದಿದೆ. ಗೊತ್ತಿರಲಿಲ್ಲ ಎಂಬ ಮಾತನ್ನು ಇನ್ನು ಯಾರೂ ಹೇಳುವಂತಿಲ್ಲ.