ಮೈತೂಕ ಇಳಿಸುವ ಆಹಾರವೂ ಡಬ್ಬಿಯ ಪುಡಿಯೂ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿಗೆ ಸೇರಿದ ಜಾಲಹಳ್ಳಿಯ ಸುತ್ತಣ ಸೀಮೆಯು ಬಹುಕಾಲ ಜೋಳವನ್ನೇ ನಂಬಿದ ಸೀಮೆಯಾಗಿತ್ತು. ಎರೆ ಭೂಮಿಯಲ್ಲಿ ಹಿಂಗಾರಿ ಬಿಳಿಜೋಳ, ಮಸಾರಿ ನೆಲದಲ್ಲಿ ಸಜ್ಜೆ ಮತ್ತು ನವಣೆ, ಸಾಲುಗಳ ನಡುವೆ ಅಕ್ಕಡಿಯಾಗಿ ತೊಗರಿ, ಹೆಸರು, ಪುಂಡಿ, ಗುರೆಳ್ಳು. ಹೀಗೆ ಒಂದು ಮನೆತನದ ಊಟದ ಬಹುಭಾಗವು ಅದರದೇ ಹೊಲದಿಂದ ಒದಗುತ್ತಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ೧೯೫೩ರ ತರುವಾಯ ಮಾನ್ವಿ, ಸಿಂಧನೂರುಗಳ ಕಡೆಗೂ, ೧೯೮೨ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ ಜಲಾಶಯದ ಬಲದಂಡೆ ಕಾಲುವೆಯ ನೀರು ಮುಂದೆ ಲಿಂಗಸುಗೂರು, ದೇವದುರ್ಗಗಳ ಕಡೆಗೂ ಹರಿದ ಮೇಲೆ ಜೋಳದ ಹೊಲಗಳು ಅನೇಕ ಕಡೆ ಭತ್ತದ ಗದ್ದೆಗಳಾದುವು. ೨೦೧೩ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿಯು ಗದ್ದೆಯಿಲ್ಲದವರ ಮನೆಗೂ ಅನ್ನವನ್ನು ನಿತ್ಯದ ಊಟವಾಗಿ ತಂದಿತು. ಇದರಿಂದ ಹಸಿವು ಹಿಂಗಿದುದು ಸಣ್ಣ ಲಾಭವಲ್ಲ. ಆದರೆ ಅದೇ ಕಾಲದಲ್ಲಿ ಎತ್ತಿನ ಬೇಸಾಯ ಹೋಗಿ ಟ್ರ್ಯಾಕ್ಟರು ಬಂದಿತು. ಹೊಲಕ್ಕೆ ನಡೆದು ಹೋಗುತ್ತಿದ್ದವರು ಮೋಟಾರು ಸೈಕಲ್ಲನ್ನು ಹತ್ತಿದರು. ಊಟವು ಹೆಚ್ಚಿ ದುಡಿತವು ಕಡಿಮೆಯಾದ ಮನೆಗಳಲ್ಲಿ, ಮುಖ್ಯವಾಗಿ ಆಳುಕಾಳುಗಳುಳ್ಳ ಜಮೀನುದಾರರ ಮನೆಗಳಲ್ಲಿ, ಹೊಟ್ಟೆಯ ಬೊಜ್ಜು ಕಾಣಿಸಿಕೊಂಡಿದೆ. ಅದರ ಬೆನ್ನಿಗೇ ಅದನ್ನು ಕರಗಿಸುವೆವೆಂದು ಹೇಳುವ ಪುಡಿ, ಗುಳಿಗೆ, ಚಹಾಗಳೂ ಊರಿಗೆ ಬಂದಿವೆ.

ದೊಡ್ಡ ಹೊಟ್ಟೆಯು ಗೌಡಿಕೆಯ ಲಕ್ಷಣವೆಂದು ನಮ್ಮ ಕಡೆ ಹಿಂದಿನಿಂದ ಒಂದು ಭಾವನೆ ಇದೆ. ವೈದ್ಯಶಾಸ್ತ್ರವು ಅದನ್ನು ಒಪ್ಪುವುದಿಲ್ಲ. ಭಾರತೀಯರಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಕೂಡುವ ಪ್ರವೃತ್ತಿಯು ಅಧಿಕವಾದುದರಿಂದ, ಯುರೋಪಿನವರಿಗೆ ಹೇಳುವ ಮಿತಿಗಿಂತ ಕಡಿಮೆ ತೂಕದಲ್ಲಿಯೇ ಸಕ್ಕರೆರೋಗ, ರಕ್ತದ ಒತ್ತಡಗಳು ತಲೆದೋರುವುವು. ಐದೂವರೆ ಅಡಿ ಎತ್ತರದವನು ೬೫ ಕಿಲೋಗ್ರಾಂ ದಾಟಿದರೆ ತೂಕ ಮಿತಿಮೀರಿತೆಂದೂ, ೭೦ನ್ನು ದಾಟಿದರೆ ಬೊಜ್ಜೆಂದೂ ನಮ್ಮ ದೇಶದ ವೈದ್ಯರು ಎಣಿಸುತ್ತಾರೆ. ತಕ್ಕಡಿ ಇಲ್ಲದಿದ್ದರೆ ದರ್ಜಿಯ ಅಳತೆಪಟ್ಟಿಯೇ ಸಾಕು: ಸೊಂಟದ ಸುತ್ತಳತೆಯು ಗಂಡಸರಿಗೆ ೯೦ ಸೆಂಟಿಮೀಟರನ್ನೂ ಹೆಂಗಸರಿಗೆ ೮೦ ಸೆಂಟಿಮೀಟರನ್ನೂ ಮೀರಕೂಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಎಲ್ಲ ರಾಜ್ಯಗಳಲ್ಲಿಯೂ ನಡೆದು ೨೦೨೩ರಲ್ಲಿ ಪ್ರಕಟವಾದ ಪರಿಶೀಲನೆಯಂತೆ ದೇಶದ ವಯಸ್ಕರಲ್ಲಿ ನೂರಕ್ಕೆ ೩೯.೫ ಮಂದಿಗೆ ಹೊಟ್ಟೆಯ ಬೊಜ್ಜೂ, ೧೧.೪ ಮಂದಿಗೆ ಸಕ್ಕರೆರೋಗವೂ ಇವೆ. ಪಟ್ಟಣಗಳಲ್ಲಿ ಇವುಗಳ ಪ್ರಮಾಣ ಹೆಚ್ಚಾಗಿದ್ದರೂ ಹಳ್ಳಿಗಳು ಇದರಿಂದ ಪಾರಾಗಿಲ್ಲ.

ತೂಕ ಏರುವುದರ ಲೆಕ್ಕವು ಕಣಜದ ಲೆಕ್ಕದಂತೆಯೇ ಸರಳವಾದುದು. ಆಹಾರದಿಂದ ದೊರೆಯುವ ಶಕ್ತಿಯನ್ನು ಕ್ಯಾಲೊರಿ ಎಂಬ ಅಳತೆಯಿಂದ ಎಣಿಸುವರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೦ರಲ್ಲಿ ಗೊತ್ತುಮಾಡಿದಂತೆ, ಹೊಲದಲ್ಲಿ ಕಠಿಣವಾಗಿ ದುಡಿಯುವ ಗಂಡಸಿಗೆ ದಿನಕ್ಕೆ ೩,೪೭೦ ಕ್ಯಾಲೊರಿ ಬೇಕು. ಕುಳಿತು ಕೆಲಸ ಮಾಡುವವನಿಗೆ ೨,೧೧೦ ಸಾಕು. ಹೆಂಗಸರಲ್ಲಿ ಈ ಅಂಕಿಗಳು ೨,೭೨೦ ಮತ್ತು ೧,೬೬೦. ಗಂಡಸಿನ ಲೆಕ್ಕದಲ್ಲಿ ಎರಡಕ್ಕೂ ಇರುವ ಅಂತರವು ೧,೩೬೦. ಅರವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು ೨೦೦ ಕ್ಯಾಲೊರಿ ಇರುವುದರಿಂದ, ಈ ಅಂತರವು ಹೆಚ್ಚು ಕಡಿಮೆ ಏಳು ರೊಟ್ಟಿಗಳಿಗೆ ಸಮನಾಯಿತು. ತಂದೆಯು ನೇಗಿಲು ಹಿಡಿದು ಉಂಡ ಊಟವನ್ನೇ ಮಗನು ಟ್ರ್ಯಾಕ್ಟರಿನ ಮೇಲೆ ಕುಳಿತು ಉಂಡರೆ ಆ ಏಳು ರೊಟ್ಟಿಗಳು ಎಲ್ಲಿಗೆ ಹೋಗಬೇಕು? ಅವು ಸೊಂಟದಲ್ಲಿ ಶೇಖರವಾಗುವುವು.

ಇದರ ಮೇಲೆ, ಊಟವೆಂದು ಯಾರೂ ಲೆಕ್ಕಕ್ಕೆ ಹಿಡಿಯದ ಪದಾರ್ಥಗಳಿವೆ. ಹೋಟೆಲಿನ ಕಟ್ಟೆಯ ಮೇಲೆ ದಿನಕ್ಕೆ ಐದು ಸಲ ಚಹಾ ಕುಡಿದು, ಸಲಕ್ಕೆ ಎರಡು ಚಮಚದಂತೆ ಸಕ್ಕರೆ ಹಾಕಿಸಿಕೊಂಡರೆ ಅದೇ ಒಂದು ರೊಟ್ಟಿಯಷ್ಟಾಯಿತು. ಒಂದು ತೊಲ ಎಣ್ಣೆಯಲ್ಲಿ ಅರ್ಧ ರೊಟ್ಟಿಯ ಶಕ್ತಿಯಿದೆ. ಮಂಡಾಳ ಒಗ್ಗರಣೆಯ ಜೊತೆಗೆ ನಾಲ್ಕು ಮಿರ್ಚಿಗಳು ಹೀರಿಕೊಂಡು ಬರುವ ಎಣ್ಣೆಯನ್ನು ಯಾರೂ ತೂಗಿ ನೋಡಿದವರಲ್ಲ.

ಜೋಳವನ್ನು ತಿಂದರೆ ತೂಕ ಇಳಿಯುವುದೆಂಬ ಮಾತು ಈಗ ಪಟ್ಟಣಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಈ ಮಾತಿಗೆ ಮತ್ತಷ್ಟು ಬಲ ಬಂದಿದೆ. ಜೋಳ ಬೆಳೆಯುವವರಿಗೆ ಇದು ಹಿತವಾದ ಮಾತೇ ಆದರೂ ಅದನ್ನು ಅಳೆದು ನೋಡಿ ಒಪ್ಪಬೇಕು. ಪೋಷಣ ಸಂಸ್ಥೆಯ ೨೦೧೭ರ ಕೋಷ್ಟಕಗಳಂತೆ ನೂರು ಗ್ರಾಂ ಜೋಳದಲ್ಲಿ ೩೩೪ ಕ್ಯಾಲೊರಿ, ನೂರು ಗ್ರಾಂ ಗಿರಣಿ ಅಕ್ಕಿಯಲ್ಲಿ ೩೫೬. ಈ ಅಲ್ಪ ಭೇದದಿಂದ ಯಾರೂ ತೆಳ್ಳಗಾಗಲಾರರು. ನಿಜವಾದ ಭೇದವಿರುವುದು ನಾರಿನಲ್ಲಿ. ಜೋಳದಲ್ಲಿ ನಾರಿನಂಶ ನೂರು ಗ್ರಾಮಿಗೆ ೧೦ ಗ್ರಾಂ ಇದ್ದರೆ ಅಕ್ಕಿಯಲ್ಲಿ ೩ ಗ್ರಾಮಿಗೂ ಕಡಿಮೆ. ಸಜ್ಜೆಯಲ್ಲಿ ೧೧ಕ್ಕೂ ಮಿಗಿಲು. ಮಾಂಸಪೋಷಕವಾದ ಪ್ರೋಟೀನು ಜೋಳದಲ್ಲಿ ಸುಮಾರು ೧೦ ಗ್ರಾಂ, ಅಕ್ಕಿಯಲ್ಲಿ ಸುಮಾರು ೮ ಗ್ರಾಂ. ನಾರುಳ್ಳ ರೊಟ್ಟಿಯನ್ನು ಅಗಿದು ತಿನ್ನಬೇಕು. ಹೊಟ್ಟೆಯು ಬೇಗ ತುಂಬಿ ಹಸಿವು ತಡವಾಗಿ ಮರಳುವುದು. ಮೆತ್ತಗಿನ ಅನ್ನಕ್ಕೆ ಸಾರು ಸುರಿದರೆ ಮೂರನೆಯ ಸಲ ಬಡಿಸಿಕೊಂಡುದು ಸಹ ತಿಳಿಯದು. ಜೋಳದ ಉಪಕಾರ ಇಷ್ಟೇ, ಆದರೆ ಇಷ್ಟು ಉಪಕಾರವನ್ನು ನಿತ್ಯವೂ ಮಾಡುವುದು. ಎರಡು ರೊಟ್ಟಿಗೆ ನಿಲ್ಲದೆ ಆರು ರೊಟ್ಟಿ ಉಂಡು, ಶೇಂಗಾ ಹಿಂಡಿಗೆ ಮೇಲೆ ಎಣ್ಣೆ ಹಾಕಿಕೊಳ್ಳುವವನಿಗೆ ಅದು ನೆರವಾಗಲಾರದು. ಸಿರಿಧಾನ್ಯದ ಹೆಸರಿನಲ್ಲಿ ಸಕ್ಕರೆ, ಮೈದಾ, ಎಣ್ಣೆಗಳನ್ನು ಕೂಡಿಸಿ ಮಾರುವ ಬಿಸ್ಕತ್ತುಗಳ ಮಾತಂತೂ ಬೇರೆಯೇ. ಅವುಗಳಲ್ಲಿ ಧಾನ್ಯಕ್ಕಿಂತ ಚೀಟಿಯ ಮೇಲಿನ ಚಿತ್ರವೇ ದೊಡ್ಡದು.

ಅನ್ನವು ರೊಟ್ಟಿಯನ್ನು ಹಿಂದಕ್ಕೆ ತಳ್ಳಿದುದಕ್ಕೆ ರುಚಿಯೊಂದೇ ಕಾರಣವಲ್ಲ. ಹಿಟ್ಟು ನಾದಿ, ಬಡಿದು, ಒಲೆಯ ಮುಂದೆ ಕುಳಿತು ಒಂದೊಂದಾಗಿ ಬೇಯಿಸುವ ಶ್ರಮವು ಮನೆಯ ಹೆಂಗಸರದು. ರೊಟ್ಟಿ ಬೇಕೆಂದು ಹಟ ಹಿಡಿಯುವ ಯಜಮಾನನು ಈ ಶ್ರಮದಲ್ಲಿ ಪಾಲುಗೊಳ್ಳದಿದ್ದರೆ ಅವನ ಪಥ್ಯವು ಒಂದು ವಾರವೂ ನಡೆಯಲಾರದು.

ಪಥ್ಯಗಳ ವಿಷಯಕ್ಕೆ ಬಂದರೆ, ಇವುಗಳಲ್ಲಿ ಹೊಸದೆಂದು ಹೇಳಿಕೊಳ್ಳುವುವು ಅನೇಕ ವೇಳೆ ಹಳೆಯವೇ. ಲಂಡನ್ನಿನಲ್ಲಿ ಅಂತ್ಯಸಂಸ್ಕಾರದ ವ್ಯವಸ್ಥೆ ಮಾಡುವ ಉದ್ಯೋಗದವನಾಗಿದ್ದ ವಿಲಿಯಂ ಬ್ಯಾಂಟಿಂಗ್ ಎಂಬ ಸ್ಥೂಲಕಾಯನು ರೊಟ್ಟಿ, ಸಕ್ಕರೆ, ಆಲೂಗೆಡ್ಡೆಗಳನ್ನು ಬಿಟ್ಟು ತೆಳ್ಳಗಾದ ವೃತ್ತಾಂತವನ್ನು ೧೮೬೩ರಲ್ಲಿಯೇ ಅಚ್ಚುಮಾಡಿಸಿದನು. ಇಂದಿನ ಕೀಟೋ ಎಂಬ ಪಥ್ಯವು ಅದೇ ವಂಶದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ೬೦೯ ಮಂದಿಯನ್ನು ಎರಡು ಗುಂಪು ಮಾಡಿ, ಒಬ್ಬರಿಗೆ ಕೊಬ್ಬು ಕಡಿಮೆಯಾದ, ಮತ್ತೊಬ್ಬರಿಗೆ ಪಿಷ್ಟ ಕಡಿಮೆಯಾದ ಆಹಾರವನ್ನು ಒಂದು ವರ್ಷ ವಿಧಿಸಿ ೨೦೧೮ರಲ್ಲಿ ಫಲವನ್ನು ಪ್ರಕಟಿಸಿದರು. ಮೊದಲಿನವರು ಸರಾಸರಿ ೫.೩ ಕಿಲೋ, ಎರಡನೆಯವರು ೬ ಕಿಲೋ ಇಳಿದಿದ್ದರು. ಇದನ್ನು ಭೇದವೆಂದು ಎಣಿಸುವಂತಿರಲಿಲ್ಲ. ದಿನದಲ್ಲಿ ಎಂಟು ತಾಸಿನೊಳಗೇ ಉಣ್ಣುವ ಉಪವಾಸಕ್ರಮವನ್ನು ಚೀನಾದ ಗ್ವಾಂಗ್‌ಝೌ ನಗರದಲ್ಲಿ ೧೩೯ ಮಂದಿಯ ಮೇಲೆ ಪರೀಕ್ಷಿಸಿ ೨೦೨೨ರಲ್ಲಿ ಪ್ರಕಟಿಸಿದಾಗಲೂ, ಅಷ್ಟೇ ಮಿತವಾಗಿ ಉಂಡವರಿಗೂ ಇವರಿಗೂ ಗಣನೀಯ ಅಂತರ ಕಾಣಲಿಲ್ಲ. ನಮ್ಮ ಸೋಮವಾರ, ಏಕಾದಶಿಗಳ ಉಪವಾಸವು ಭಕ್ತಿಗೆ ಸಂಬಂಧಿಸಿದುದು. ಆದರೆ ಸಾಬೂದಾನಿ, ಶೇಂಗಾ, ಬೆಲ್ಲಗಳ ಫಲಾಹಾರವನ್ನು ಎರಡು ಸಲ ಮಾಡಿ ಅದರಿಂದ ತೂಕ ಇಳಿಯಲಿಲ್ಲವೆಂದು ಬೇಸರಪಡುವುದು ಸರಿಯಲ್ಲ. ಯಾವ ಪಥ್ಯವೇ ಆಗಲಿ, ಅದು ಒಟ್ಟು ಆಹಾರವನ್ನು ಕಡಿಮೆ ಮಾಡಿಸಿದಷ್ಟೇ ಫಲ ಕೊಡುವುದು. ದಿನಕ್ಕೆ ೫೦೦ ಕ್ಯಾಲೊರಿ, ಎಂದರೆ ನೂರು ಗ್ರಾಂ ಅಕ್ಕಿಯ ಅನ್ನ ಮತ್ತು ಒಂದು ತೊಲಕ್ಕೆ ಸ್ವಲ್ಪ ಮೇಲ್ಪಟ್ಟ ಎಣ್ಣೆ, ಇಷ್ಟನ್ನು ಬಿಟ್ಟರೆ ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಯುವುದು. ಅದಕ್ಕಿಂತ ವೇಗವಾಗಿ ಇಳಿಸುವೆನೆಂದು ಹೇಳುವವನನ್ನು ಸಂಶಯದಿಂದ ನೋಡತಕ್ಕದ್ದು.

ಪುಡಿ ಗುಳಿಗೆಗಳಲ್ಲಿ ಒಂದರ ಚರಿತ್ರೆಯು ಕನ್ನಡನಾಡಿಗೇ ಸೇರಿದುದಾದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬಹುದು. ಉತ್ತರ ಕನ್ನಡದ ಘಟ್ಟದ ಕಾಡುಗಳಲ್ಲಿ ಉಪ್ಪಾಗೆ ಎಂಬ ಮರವಿದೆ. ಅದರ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಹುಣಿಸೆಯಂತೆ ಹುಳಿಗೆ ಬಳಸುವರು. ಬೀಜದಿಂದ ತುಪ್ಪದಂತಹ ಜಿಡ್ಡು ತೆಗೆಯುವರು. ಈ ಸಿಪ್ಪೆಯ ಮುಖ್ಯ ಆಮ್ಲವು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ೧೯೬೫ರಲ್ಲಿ ತೋರಿಸಿಕೊಟ್ಟರು. ದೇಹವು ಸಕ್ಕರೆಯಿಂದ ಕೊಬ್ಬನ್ನು ತಯಾರಿಸುವ ಒಂದು ಹಂತವನ್ನು ಈ ಆಮ್ಲವು ತಡೆಯುವುದೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿತು. ವ್ಯಾಪಾರಿಗಳಿಗೆ ಅಷ್ಟೇ ಸಾಕಾಯಿತು. ಗಾರ್ಸೀನಿಯ ಎಂಬ ಹೆಸರಿನಿಂದ ಗುಳಿಗೆಗಳು ಲೋಕದ ಪೇಟೆಗಳನ್ನೆಲ್ಲ ತುಂಬಿದುವು. ೧೯೯೮ರಲ್ಲಿ ಅಮೆರಿಕದ ವೈದ್ಯರು ೧೩೫ ಮಂದಿಯ ಮೇಲೆ ಹನ್ನೆರಡು ವಾರ ಪರೀಕ್ಷೆ ನಡೆಸಿದರು. ಕೆಲವರಿಗೆ ನಿಜವಾದ ಗುಳಿಗೆ, ಉಳಿದವರಿಗೆ ನೋಡಲು ಅದರಂತೆಯೇ ಇರುವ ನಿಸ್ಸಾರವಾದ ಗುಳಿಗೆ, ಎಲ್ಲರಿಗೂ ಮಿತಾಹಾರ. ಗುಳಿಗೆಯವರು ಸರಾಸರಿ ೩.೨ ಕಿಲೋ ಇಳಿದರು, ನಿಸ್ಸಾರ ಗುಳಿಗೆಯವರು ೪.೧ ಕಿಲೋ ಇಳಿದರು. ಇಳಿಸಿದುದು ಮಿತಾಹಾರವೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಉಪ್ಪಾಗೆಯು ಸಾರಿಗೆ ಹುಳಿಯಾಗಿ ಉತ್ತಮವಾದ ಪದಾರ್ಥ. ಅದರ ಯೋಗ್ಯತೆಗೆ ಅಷ್ಟು ಸಾಕು. ಅದರ ಸಾರವನ್ನು ಗಟ್ಟಿಮಾಡಿದ ಗುಳಿಗೆಗಳನ್ನು ನುಂಗಿದ ಕೆಲವರಿಗೆ ಯಕೃತ್ತು ಕೆಟ್ಟ ವರದಿಗಳೂ ವೈದ್ಯಪತ್ರಿಕೆಗಳಲ್ಲಿ ಬಂದಿವೆ.

ಇದಕ್ಕಿಂತಲೂ ಭಯಂಕರವಾದುದು ಚೀಟಿಯಲ್ಲಿ ಬರೆಯದ ಔಷಧವನ್ನು ಬೆರೆಸುವುದು. ಸಿಬುಟ್ರಮೀನ್ ಎಂಬ ಹಸಿವು ಅಡಗಿಸುವ ಔಷಧವು ಹೃದಯಾಘಾತ, ಪಾರ್ಶ್ವವಾಯುಗಳಿಗೆ ಎಡೆಗೊಡುವುದೆಂದು ಕಂಡುಬಂದುದರಿಂದ ೨೦೧೦ರಲ್ಲಿ ಅಮೆರಿಕದ ಪೇಟೆಯಿಂದ ಅದನ್ನು ಹಿಂದೆಗೆಯಲಾಯಿತು. ೨೦೧೧ರಲ್ಲಿ ಭಾರತ ಸರ್ಕಾರವು ಅದನ್ನು ನಿಷೇಧಿಸಿತು. ಆಮೇಲೆಯೂ ಗಿಡಮೂಲಿಕೆಯೆಂದು ಮಾರುವ ಪುಡಿಗಳಲ್ಲಿ ಅದೇ ಔಷಧವು ಅಡಗಿರುವುದನ್ನು ಹಲವು ದೇಶಗಳ ಅಧಿಕಾರಿಗಳು ಪತ್ತೆಹಚ್ಚಿದ್ದಾರೆ. ಪುಡಿಯೊಂದು ಒಂದೇ ವಾರದಲ್ಲಿ ಹಸಿವನ್ನು ಪೂರ್ತಿಯಾಗಿ ನಿಲ್ಲಿಸಿ ಎದೆ ಬಡಿತವನ್ನು ಹೆಚ್ಚಿಸಿದರೆ ಗುಣ ಕಂಡಿತೆಂದು ಸಂತೋಷಪಡದೆ ಕೂಡಲೆ ನಿಲ್ಲಿಸಿ, ಡಬ್ಬಿಯೊಡನೆ ತಾಲ್ಲೂಕು ಆಸ್ಪತ್ರೆಗೆ ಹೋಗತಕ್ಕದ್ದು. ತೂಕ ಇಳಿಸುವುದಕ್ಕೂ ಮಾನ್ಯತೆ ಪಡೆದ ಚುಚ್ಚುಮದ್ದುಗಳು ೨೦೨೫ರಲ್ಲಿ ಭಾರತಕ್ಕೆ ಬಂದಿರುವುದು ನಿಜ. ಅವು ವೈದ್ಯರು ಪರೀಕ್ಷಿಸಿ ಬರೆದುಕೊಡುವ ಔಷಧಗಳು. ಸಂತೆಯಲ್ಲಿ ಮಾರುವ ಪುಡಿಗೂ ಅವಕ್ಕೂ ಸಂಬಂಧವಿಲ್ಲ.

ಊರಿನ ಗೌಡರೂ ಹಿರಿಯರೂ ಈ ವಿಷಯದಲ್ಲಿ ತಿಳಿದಿರಬೇಕಾದ ಕಾನೂನೊಂದಿದೆ. ೧೯೫೪ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯು ಔಷಧದಿಂದ ಗುಣಪಡಿಸುವೆನೆಂದು ಜಾಹೀರು ಮಾಡಕೂಡದ ರೋಗಗಳ ಪಟ್ಟಿಯಲ್ಲಿ ಬೊಜ್ಜನ್ನೂ ಸಕ್ಕರೆರೋಗವನ್ನೂ ಸೇರಿಸಿದೆ. ಆಹಾರವೆಂದು ಮಾರುವ ಪುಡಿಗೆ ೨೦೦೬ರ ಆಹಾರ ಸುರಕ್ಷತಾ ಕಾಯ್ದೆ ಅನ್ವಯಿಸುವುದು. ಡಬ್ಬಿಯ ಮೇಲೆ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ ಇರಲೇಬೇಕು. ಆದರೆ ಆ ಸಂಖ್ಯೆಯು ಮಾರುವವನ ಗುರುತೇ ಹೊರತು ಪುಡಿಯು ತೂಕ ಇಳಿಸುವುದೆಂಬುದಕ್ಕೆ ಪ್ರಮಾಣವಲ್ಲ. ಇಂತಹ ಮಾರಾಟಗಾರನು ಮೊದಲು ಬರುವುದು ಗೌಡರ ಮನೆಗೆ. ಗೌಡರು ಒಂದು ಡಬ್ಬಿ ಕೊಂಡರೆಂಬ ಮಾತೇ ಮಿಕ್ಕ ಓಣಿಗಳಲ್ಲಿ ಅವನ ಬಂಡವಾಳ. ಸಕ್ಕರೆರೋಗದವರು ಅವನ ಮಾತು ನಂಬಿ ಆಸ್ಪತ್ರೆಯ ಗುಳಿಗೆಯನ್ನು ಬಿಟ್ಟರೆ ಆಗುವ ಹಾನಿಯು ಹಣದಿಂದ ತುಂಬಿಬರುವಂತಹುದಲ್ಲ. ಹಾಗೆಯೇ, ಆ ಗುಳಿಗೆಗಳನ್ನು ಸೇವಿಸುತ್ತಿರುವವರು ಊಟವನ್ನು ತಟ್ಟನೆ ಕಡಿಮೆ ಮಾಡಿದರೆ ರಕ್ತದ ಸಕ್ಕರೆಯು ಅಪಾಯಕರವಾಗಿ ಇಳಿಯಬಹುದಾದುದರಿಂದ ಮೊದಲು ವೈದ್ಯರನ್ನು ಕೇಳಬೇಕು.

ಇನ್ನೊಂದು ಎಚ್ಚರವೂ ಅಗತ್ಯ. ಇಲ್ಲಿ ಹೇಳಿದ ಮಿತಾಹಾರವು ಬೊಜ್ಜು ಬಂದವರಿಗೆ ಮಾತ್ರ. ಅದೇ ಊರಿನಲ್ಲಿ, ಅನೇಕ ವೇಳೆ ಅದೇ ಜಮೀನಿನಲ್ಲಿ, ಹತ್ತಿ ಬಿಡಿಸುವ, ಕಳೆ ಕೀಳುವ ಹೆಂಗಸರೂ, ಅಂಗನವಾಡಿಯ ಮಕ್ಕಳೂ ಇದ್ದಾರೆ. ಅವರಲ್ಲಿ ಬಹುಮಂದಿಗೆ ಬೇಕಾದುದು ಹೆಚ್ಚಿನ ಊಟ. ಯಜಮಾನನು ತನಗೆ ಅನ್ನ ಬಿಟ್ಟೆನೆಂದು ಆಳುಗಳ ಬುತ್ತಿಯನ್ನು ಕುಗ್ಗಿಸಬಾರದು. ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ಯಾವ ತೂಕದ ಪಥ್ಯವನ್ನೂ ತಾವಾಗಿ ಹಿಡಿಯಕೂಡದು.

ಪೋಷಣ ಸಂಸ್ಥೆಯು ೨೦೨೪ರಲ್ಲಿ ಸೂಚಿಸಿದ ೨,೦೦೦ ಕ್ಯಾಲೊರಿಯ ದಿನದ ಊಟವು ಹೀಗಿದೆ: ಧಾನ್ಯ ೨೫೦ ಗ್ರಾಂ, ಬೇಳೆಕಾಳು ೮೫ ಗ್ರಾಂ, ತರಕಾರಿ ಸೊಪ್ಪು ೪೦೦ ಗ್ರಾಂ, ಹಣ್ಣು ೧೦೦ ಗ್ರಾಂ, ಹಾಲು ಅಥವಾ ಮೊಸರು ೩೦೦ ಮಿಲಿಲೀಟರು, ಶೇಂಗಾ ಮುಂತಾದುವು ೩೫ ಗ್ರಾಂ, ಎಣ್ಣೆ ೨೭ ಗ್ರಾಂ. ಜಾಲಹಳ್ಳಿಯ ಅಡಿಗೆಯ ಭಾಷೆಯಲ್ಲಿ ಇದು ಎರಡು ಹೊತ್ತಿಗೆ ಎರಡೆರಡು ರೊಟ್ಟಿ, ಹೆಸರುಕಾಳಿನ ಅಥವಾ ತೊಗರಿಯ ಪಲ್ಯ, ಬಟ್ಟಲು ತುಂಬ ಪುಂಡಿಯ ಇಲ್ಲವೆ ರಾಜಗಿರಿಯ ಸೊಪ್ಪು, ಹಸಿ ಸವತಿ, ಮಜ್ಜಿಗೆ. ಪೇಟೆಯಿಂದ ಕೊಳ್ಳಬೇಕಾದ ಡಬ್ಬಿಯೇನೂ ಇದರಲ್ಲಿಲ್ಲ. ಕಷ್ಟವಿರುವುದು ಸೊಪ್ಪು ಕಾಳುಗಳಲ್ಲಿ. ಭತ್ತದ ಗದ್ದೆಯಲ್ಲಿ ಅಕ್ಕಡಿಗೆ ಎಡೆಯಿಲ್ಲದುದರಿಂದ ಅವು ಅಡಿಗೆಮನೆಯಿಂದಲೂ ಮಾಯವಾಗಿವೆ.

ಆದಕಾರಣ ಕಾಲುವೆಯ ನೀರುಳ್ಳ ಜಮೀನುದಾರರು ಸಹ ಮನೆಯ ಊಟಕ್ಕಾಗಿ ಒಂದು ಎಕರೆ ಎರೆ ಭೂಮಿಯನ್ನು ತೆಗೆದಿರಿಸುವುದು ಯುಕ್ತ. ಐದು ಮಂದಿಯ ಮನೆಗೆ ದಿನಕ್ಕೆ ತಲೆಗೆ ೨೫೦ ಗ್ರಾಮಿನಂತೆ ವರ್ಷಕ್ಕೆ ಸುಮಾರು ನಾಲ್ಕೂವರೆ ಕ್ವಿಂಟಲ್ ಧಾನ್ಯ ಬೇಕು. ಅದರಲ್ಲಿ ಅರ್ಧ ಜೋಳವಾದರೂ ಎರಡೂಕಾಲು ಕ್ವಿಂಟಲು. ಎಂ ೩೫-೧ ಎಂಬ ಮಾಲದಂಡಿ ತಳಿಯ ಬಿಳಿಜೋಳವನ್ನು ಸೆಪ್ಟೆಂಬರಿನ ಉತ್ತರಾರ್ಧದಿಂದ ಅಕ್ಟೋಬರಿನ ನಡುಭಾಗದೊಳಗೆ, ಎಕರೆಗೆ ಸುಮಾರು ೩ ಕಿಲೋ ಬೀಜದಂತೆ ಬಿತ್ತಬಹುದು. ಸುಮಾರು ನಾಲ್ಕು ತಿಂಗಳಿಗೆ ಕಟಾವಿಗೆ ಬರುವುದು. ದಂಟು ಎತ್ತು ಎಮ್ಮೆಗಳಿಗೆ ಮೇವಾಗುವುದು. ಬದುವಿನ ಒಳಮಗ್ಗುಲಲ್ಲಿ ನಾಲ್ಕು ಸಾಲು ಕಡಲೆ, ಬಾವಿಯ ಅಥವಾ ಕಾಲುವೆಯ ಬಸಿ ನೀರು ನಿಲ್ಲುವಲ್ಲಿ ಮೆಂತ್ಯ ರಾಜಗಿರಿಗಳ ಒಂದು ಮಡಿ ಹಾಕಿಕೊಂಡರೆ ಚಳಿಗಾಲದ ಪಲ್ಯಕ್ಕೆ ಸಂತೆಯನ್ನು ಕಾಯಬೇಕಾಗುವುದಿಲ್ಲ.