ಮಕ್ಕಳಿಗೆ ಪಟ್ಟಣವನ್ನು ತೋರಿಸುವ ಬಗೆ

ಪ್ರವಾಸವು ವಿದ್ಯಾಭ್ಯಾಸದ ಒಂದು ಅಂಗವೆಂಬುದನ್ನು ಈಗ ಎಲ್ಲರೂ ಒಪ್ಪುವರಷ್ಟೆ. ಆದರೆ ಮಕ್ಕಳಿಗೆ ಪಟ್ಟಣವನ್ನು ತೋರಿಸುವ ಬಗೆಯನ್ನು ನಾನು ಒಂದು ತಪ್ಪಿನಿಂದಲೇ ಕಲಿತೆನಾದುದರಿಂದ, ಅದನ್ನು ಇಲ್ಲಿ ಮರೆಮಾಚದೆ ಅರಿಕೆ ಮಾಡುತ್ತೇನೆ.

ಕೆಲವು ವರುಷಗಳ ಹಿಂದೆ ನಾವು ಮಂಗಸೂಳಿಯಿಂದ ಅಥಣಿಯ ಮಾರ್ಗವಾಗಿ ವಿಜಯಪುರಕ್ಕೆ ಹೋಗಿ, ಒಂದೇ ದಿನದಲ್ಲಿ ಏಳು ಸ್ಥಳಗಳನ್ನು ನೋಡಿ ಬಂದೆವು. ಮರುದಿನ ನಿಬಂಧ ಬರೆಯಿಸಲು, ಒಳಗಿನ ಅಡ್ಡಳತೆಯೇ ಸುಮಾರು 38 ಮೀಟರುಳ್ಳ ಗೋಳಗುಮ್ಮಟವನ್ನು ಕುರಿತು ಎರಡು ಸಾಲು ಬರೆದವರು, ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂಡ್ರುವುದಕ್ಕಾಗಿ ನಡೆದ ಜಗಳವನ್ನು ಕುರಿತು ಒಂದು ಪುಟ ಬರೆದಿದ್ದರು. ದೋಷವು ಮಕ್ಕಳದಲ್ಲ, ಅವಸರಪಡಿಸಿದ ನನ್ನದು. ಅದಕ್ಕಿಂತಲೂ ಮನಸ್ಸನ್ನು ನೋಯಿಸಿದ ಸಂಗತಿ ಬೇರೊಂದಿತ್ತು. ವರ್ಗದ ಆರು ಮಂದಿ ಬಾಲಿಕೆಯರು, ಕೆಲವರು ಹಣವಿಲ್ಲದೆ, ಕೆಲವರು ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸಲೊಲ್ಲದ ಹಿರಿಯರ ಮಾತಿಗೆ ತಲೆಬಾಗಿ, ಊರಲ್ಲಿಯೇ ಉಳಿದಿದ್ದರು. ಅವರ ಮುಂದೆ ಬರಿಯ ಹಾಳೆಯಿತ್ತು.

ಆದುದರಿಂದ ಮರುವರುಷ ಎಲ್ಲರೂ ಹೋಗಬಹುದಾದ ಮಿರಜವನ್ನು ಆರಿಸಿಕೊಂಡೆವು. ಕಾಗವಾಡವನ್ನು ದಾಟಿದರೆ ಮಿರಜ. ಡಾಕ್ಟರ್ ವಾನ್‌ಲೆಸ್‌ರವರು 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆಯನ್ನು ಸ್ಥಾಪಿಸಿದ ಕಾಲದಿಂದಲೂ ನಮ್ಮ ಕಡೆಯವರು ಔಷಧೋಪಚಾರಕ್ಕೆಂದು ಆ ಊರಿಗೆ ಹೋಗುತ್ತ ಬಂದಿದ್ದಾರೆ. ಸಂತೆಗೂ ರೈಲಿಗೂ ಹೋಗುತ್ತಾರೆ. ಆದರೂ ಅಲ್ಲಿಯ ವಾದ್ಯ ಮಾಡುವವರ ಓಣಿಯನ್ನು ಕಂಡವರು ನಮ್ಮಲ್ಲಿ ವಿರಳ.

ಹೊರಡುವ ಮುನ್ನ ಒಂದು ವಾರ ವರ್ಗದಲ್ಲಿ ಸಿದ್ಧತೆ ನಡೆಯಿತು. ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದ್ದವರು. 1937ರಲ್ಲಿ ತೀರಿಕೊಂಡಾಗ ಅವರನ್ನು ಅಲ್ಲಿಯೇ ಮೀರಾಸಾಹೇಬರ ದರ್ಗಾದಲ್ಲಿ ಸಮಾಧಿ ಮಾಡಿದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯೆ ನಮ್ಮ ಗಂಗೂಬಾಯಿ ಹಾನಗಲ್ಲರು (1913–2009). ಹೆಣ್ಣುಮಕ್ಕಳು ಹಾಡುವುದನ್ನು ಜನ ಹಳಿಯುತ್ತಿದ್ದ ಕಾಲದಲ್ಲಿ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ವಿದ್ಯೆ ಕಲಿತರೆಂದು ತಿಳಿಸಿದಾಗ, ವರ್ಗವೇ ನಿಶ್ಶಬ್ದವಾಯಿತು. ಬಳಿಕ ಪ್ರತಿಯೊಬ್ಬಳೂ ಕೇಳತಕ್ಕ ಪ್ರಶ್ನೆಯೊಂದನ್ನು ತಾನೇ ಬರೆದುಕೊಂಡಳು.

ಅಲ್ಲಿ ಹತ್ತು ಹತ್ತು ಮಂದಿಯಾಗಿ ಅಂಗಡಿಯೊಳಗೆ ಹೋದೆವು. ಕುಶಲಕರ್ಮಿಯ ಅಪ್ಪಣೆಯಿಲ್ಲದೆ ಯಾವುದನ್ನೂ ಮುಟ್ಟಕೂಡದೆಂಬುದೊಂದೇ ನಿಯಮ. ತಂಬೂರಿಯ ಹೊಟ್ಟೆಯು ಕಟ್ಟಿಗೆಯದಲ್ಲ, ಒಣಗಿಸಿದ ಸೋರೆಬುರುಡೆ. ಪಂಢರಪುರದ ಸುತ್ತಲಿನ ಹೊಲಗಳಿಂದ ಅದು ಬರುತ್ತದೆ. ಅದನ್ನು ಕತ್ತರಿಸಿ, ಕಟ್ಟಿಗೆಯ ದಂಡಿಯನ್ನು ಕೂಡಿಸಿ, ಮೆರುಗೆಣ್ಣೆ ಹಚ್ಚಿ, ಕೊನೆಗೆ ತಂತಿ ಕಟ್ಟುತ್ತಾರೆ. ‘ಜವಾರಿ’ಯೆಂದರೆ ನಮ್ಮ ಮಕ್ಕಳಿಗೆ ನಾಟಿ ಜೋಳ, ನಾಟಿ ಕೋಳಿ, ಅಲ್ಲಿಯಾದರೋ ತಂತಿಯ ಕೆಳಗಿನ ಕುದುರೆಯ ಮೈಯನ್ನು ನವಿರಾಗಿ ಉಜ್ಜಿ ನಾದವನ್ನು ತಿದ್ದುವ ಕೆಲಸಕ್ಕೆ ಆ ಹೆಸರು. ತಂತಿಗೂ ಕುದುರೆಗೂ ನಡುವೆ ಜೀವಾಳಿಯೆಂಬ ನೂಲಿನ ಎಳೆಯನ್ನು ಇಟ್ಟೊಡನೆ, ಮೊಂಡಾಗಿದ್ದ ಸ್ವರವು ದುಂಬಿಯಂತೆ ಝೇಂಕರಿಸಿತು. ಈ ಕಸಬು ಹತ್ತೊಂಬತ್ತನೆಯ ಶತಮಾನದಿಂದ ಅಲ್ಲಿ ನಡೆದು ಬಂದಿದೆ. ಮಿರಜದ ಸಿತಾರಕ್ಕೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯು ದೊರೆಯಿತು. ತರುವಾಯ ದರ್ಗಾಕ್ಕೆ ಹೋಗಿ, ತಲೆಯ ಮೇಲೆ ಸೆರಗು ಹೊದೆದು, ಗೌರವದಿಂದ ನಿಂತು ಬಂದೆವು. ಅಂದು ನೋಡಿದ ಸ್ಥಳಗಳು ಇವೆರಡೇ.

ಈ ಅನುಭವದಿಂದ ಪಾಲಕರಲ್ಲಿ ನನ್ನ ಸೂಚನೆಗಳು ಇವು. ಒಂದು ದಿನಕ್ಕೆ ಎರಡು ಸ್ಥಳಗಳು ಸಾಕು. ಹೊರಡುವ ಮುನ್ನ ಮಗುವಿಗೆ ಅಲ್ಲಿಯ ಕಥೆಯನ್ನು ಹೇಳಿರಿ. ಹೋದ ಮೇಲೆ ನೀವು ಸುಮ್ಮನಿದ್ದು, ಮಗುವೇ ಕೇಳಲೆಂದು ಬಿಡಿರಿ. ಹಸಿವೆ ನೀರಡಿಕೆಗಳಾದ ಮಗುವಿನ ಕಣ್ಣಿಗೆ ಯಾವ ಸೊಬಗೂ ಕಾಣದಾದುದರಿಂದ ಬುತ್ತಿಯನ್ನು ಮರೆಯಬೇಡಿರಿ. ಮನೆಗೆ ಬಂದ ಮೇಲೆ ಕಂಡುದನ್ನು ಅಜ್ಜಿಗೆ ಹೇಳಿಸಿರಿ. ಹೇಳಿದಾಗಲೇ ನೋಟವು ನೆನಪಾಗಿ ನಿಲ್ಲುತ್ತದೆ.

ಬರಿಯ ಹಾಳೆಯನ್ನು ಕೊಟ್ಟಿದ್ದ ಆರು ಬಾಲಿಕೆಯರೂ ಈ ಸಲ ನಮ್ಮೊಂದಿಗೆ ಬಂದಿದ್ದರು. ಅವರಲ್ಲೊಬ್ಬಳು, ತೋಟಿಗರ ಮಗಳು, ಬುರುಡೆಯ ಸಿಪ್ಪೆ ಇಷ್ಟು ದಪ್ಪನಾಗುವವರೆಗೆ ಅದನ್ನು ಬಳ್ಳಿಯಲ್ಲಿ ಎಷ್ಟು ದಿನ ಬಿಡಬೇಕೆಂದು ಕೇಳಿ, ಕರ್ಮಿಯನ್ನು ನಗಿಸಿದಳು. ಆಕೆಯ ತಂದೆಯವರು ಮಿರಜಕ್ಕೆ ಎಷ್ಟೋ ಸಲ ಹೋಗಿ ಬಂದವರಾದರೂ ಆ ಓಣಿಯನ್ನು ಕಂಡಿರಲಿಲ್ಲ. ಮುಂದಿನ ಸಂತೆಯ ದಿನ ಮಗಳೇ ಅವರನ್ನು ಅಲ್ಲಿಗೆ ಕರೆದೊಯ್ದಳಂತೆ.

ತಾಯ್ತಂದೆಗಳೇ, ಔಷಧಕ್ಕೋ ಸಂತೆಗೋ ಪಟ್ಟಣಕ್ಕೆ ಹೋಗುವಾಗ ಗಂಡುಮಗನನ್ನಷ್ಟೇ ಅಲ್ಲ, ಮಗಳನ್ನೂ ಜೊತೆಗೆ ಕರೆದೊಯ್ಯಿರಿ. ಒಂದು ತಾಸನ್ನು ಆಕೆಯ ಕಣ್ಣಿಗಾಗಿ ಮೀಸಲಿಡಿರಿ. ದೇವರು ನಿಮ್ಮ ಮಕ್ಕಳನ್ನು ಆಶೀರ್ವದಿಸಲಿ.