ಕಲ್ಲನ್ನು ಓದುವ ವಿದ್ಯೆ

ಕುಂತೂರಿನ ರೈತಬಾಂಧವರೊಬ್ಬರು ಮಗನೊಡನೆ ನಮ್ಮಲ್ಲಿಗೆ ಬಂದಿದ್ದರು. “ಶಾಸ್ತ್ರಿಗಳೇ, ಹುಡುಗ ಭೂವಿಜ್ಞಾನದಲ್ಲಿ ಬಿ.ಎಸ್ಸಿ. ಮಾಡಿದ್ದಾನೆ. ಕಲ್ಲು ಮಣ್ಣು ಓದಿದವನಿಗೆ ಅನ್ನ ಹುಟ್ಟೀತೇ?” ಎಂದು ಕೇಳಿದರು. ತೆಂಗಿನಕಾಯಿ ಹಿಡಿದವರು ತೋರಿಸಿದ ಜಾಗದಲ್ಲಿ ಕೊರೆಸಿದ ಅವರ ಎರಡು ಕೊಳವೆಬಾವಿಗಳೂ ಬರಿದಾದುದನ್ನು ನಾವು ಬಲ್ಲೆವು. ಉತ್ತರವು ಅವರ ಹೊಲದಲ್ಲಿಯೇ ಇತ್ತು.

ನಮ್ಮ ಸೀಮೆಯದು ಗಟ್ಟಿ ಬಂಡೆಯ ನೆಲ. ನೀರು ನಿಲ್ಲುವುದು ಶಿಥಿಲಗೊಂಡ ಮೇಲ್ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ನೆಲದೊಳಗೆ ವಿದ್ಯುತ್ತನ್ನು ಹರಿಸಿ, ಅದಕ್ಕೊದಗುವ ತಡೆಯನ್ನಳೆದು ಇವುಗಳ ನೆಲೆಯನ್ನು ಅಂದಾಜು ಮಾಡುವವನು ಭೂವಿಜ್ಞಾನಿ. ಕೇಂದ್ರ ಅಂತರ್ಜಲ ಮಂಡಳಿಯಲ್ಲಿಯೂ ರಾಜ್ಯದ ಅಂತರ್ಜಲ ನಿರ್ದೇಶನಾಲಯದಲ್ಲಿಯೂ ಇಂಥವರಿಗೆ ಹುದ್ದೆಗಳುಂಟು.

1851ರಲ್ಲಿ ಸ್ಥಾಪಿತವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, 1894ರಲ್ಲಿ ಮೈಸೂರು ಸಂಸ್ಥಾನವು ತೆರೆದ ಇಲಾಖೆಯಿಂದ ಬೆಳೆದುಬಂದ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಹಟ್ಟಿಯ ಚಿನ್ನದ ಗಣಿ, ತೈಲ ಸಂಸ್ಥೆಗಳು, ಅಧ್ಯಾಪನ ಇವೂ ದಾರಿಗಳೇ. ನಮ್ಮ ಚಾಮರಾಜನಗರ ಜಿಲ್ಲೆಯ ಕರಿಕಲ್ಲು ಹೊರದೇಶಗಳಿಗೂ ಹೋಗಿದೆ. ಆ ಗಣಿಗಳಲ್ಲಿ ನಮ್ಮವರು ಹಾರೆ ಹಿಡಿದುದನ್ನು ಕಂಡಿದ್ದೇವೆ. ನಕ್ಷೆ ಹಿಡಿದವರನ್ನು ಕಂಡುದು ವಿರಳ.

ಒಂದು ಮಾತನ್ನು ಮರೆಮಾಚಲಾರೆವು. ಬರಿಯ ಬಿ.ಎಸ್ಸಿ. ಸಾಲದು. ಕೇಂದ್ರ ಲೋಕಸೇವಾ ಆಯೋಗವು ನಡೆಸುವ ಭೂವಿಜ್ಞಾನಿಗಳ ಪರೀಕ್ಷೆಗೆ ಸ್ನಾತಕೋತ್ತರ ಪದವಿ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆ ವ್ಯಾಸಂಗಕ್ಕೆ ಅವಕಾಶವಿದೆ. ಹೆಣ್ಣುಮಕ್ಕಳನ್ನೂ ತಡೆಯಬಾರದು, ಗಣಿಯ ಒಳಗಿನ ಕೆಲಸಕ್ಕೂ 2019ರಿಂದ ಷರತ್ತುಗಳೊಡನೆ ಅವರಿಗೆ ಅನುಮತಿಯಿದೆ.

“ಮೂರನೆಯ ಬಾವಿಗೆಂದು ಕೂಡಿಟ್ಟ ಹಣವನ್ನು ಮೊದಲು ಮಗನ ಎರಡು ವರ್ಷದ ಓದಿಗೆ ತೊಡಗಿಸಿರಿ. ಬಾವಿಯ ಜಾಗವನ್ನು ಆಮೇಲೆ ಅವನೇ ತೋರಿಸಲಿ” ಎಂದೆವು. ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, “ಆಗಲಿ” ಎಂದರು.